ಓದದೆ ಉಳಿದ ಪುಸ್ತಕಗಳನ್ನು ಏನು ಮಾಡೋದು?

ಅಕ್ಕ, ಮನೆಯಲ್ಲಿ ನಾನೂರು ಪುಸ್ತಕ ಇದೆ, ಓದಿದ್ದು ನೂರೂ ಇಲ್ಲ, ಈ ಸಲ ಪುಸ್ತಕ ಸಂತೆಗೆ ಹೋಗಲೇಬೇಡ ಅಂತ ಮನೆಯವರು ಹೇಳುತ್ತಿದ್ದಾರೆ ಎಂದು ಬರೆದಿದ್ದೀರಿ. ನನ್ನ ಮನೆಯದ್ದೂ ಇದೇ ಕಥೆ. ಅದಕ್ಕೇ ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ.

ಓದದ ಪುಸ್ತಕವೆಲ್ಲ ದಂಡ ಅಂದುಕೊಳ್ಳಬೇಡಿ. ಕನ್ನಡದಲ್ಲಿ ಎಷ್ಟೋ ಪುಸ್ತಕ ಸಾವಿರ ಪ್ರತಿ ಅಚ್ಚಾದರೆ ಹೆಚ್ಚು. ಅದು ಖರ್ಚಾದ ಮೇಲೆ ಮತ್ತೆ ಅಚ್ಚಾಗುತ್ತೋ ಇಲ್ವೋ ಹೇಳೋಕಾಗಲ್ಲ. ಒಂದು ಜನಪದ ಹಾಡುಗಳ ಸಂಗ್ರಹವನ್ನು ಮುಂದಿನ ಸಲ ನೋಡೋಣ ಅಂತ ಬಿಟ್ಟು ಬಂದೆ. ಆಮೇಲೆ ಬೆಂಗಳೂರಿಗೆ ಹೋದಾಗಲೆಲ್ಲ ಅವೆನ್ಯೂ ರಸ್ತೆಯ ಹಳೆ ಪುಸ್ತಕದ ಅಂಗಡಿಗಳಲ್ಲಿ ಹುಡುಕಿದ್ದೇನೆ. ಇವತ್ತಿಗೂ ಸಿಕ್ಕಿಲ್ಲ.

ಹಾಗಾಗಿ ಪುಸ್ತಕ ಕೈಗೆತ್ತಿಕೊಂಡಾಗ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಐದು ವರ್ಷ ಬಿಟ್ಟು ಇದು ಸಿಗುತ್ತಾ? ಸಣ್ಣ ಪ್ರಕಾಶಕರದ್ದು, ಊರಿನ ಇತಿಹಾಸ, ಶಾಸನ, ಪದಕೋಶ ಇಂಥವು ಬೇಕೆನಿಸಿದರೆ ಆಗಲೇ ತಗೊಳ್ಳಿ. ಮೇಲಿಂದ ಮೇಲೆ ಅಚ್ಚಾಗುವ ಕಾದಂಬರಿಯನ್ನು ಓದುವ ವಾರ ಕೊಂಡರೂ ಆಯ್ತು. ತೀರಾ ಹಳೆಯ ಪುಸ್ತಕವಾದರೆ ಮೊದಲು ಇಂಟರ್ನೆಟ್ ಆರ್ಕೈವ್‌ನಲ್ಲಿ ಹುಡುಕಿ. ಸ್ಕ್ಯಾನ್ ಮಾಡಿದ ಕನ್ನಡ ಪುಸ್ತಕಗಳು ಅಲ್ಲಿ ರಾಶಿ ಇವೆ.

ನಮ್ಮನ್ನು ಕೆಡಿಸೋದು ರಿಯಾಯಿತಿ. 2024ರ ಡಿಸೆಂಬರ್‌ನಲ್ಲಿ ಮಂಡ್ಯದ ಸಾಹಿತ್ಯ ಸಮ್ಮೇಳನದಿಂದ ಎರಡು ಚೀಲ ತುಂಬಿಸಿಕೊಂಡು ಬಂದಿದ್ದೆ. ಮೊನ್ನೆ ಅದರಲ್ಲೊಂದನ್ನು ತೆರೆದರೆ ಒಳಗೆ ಬಿಲ್ಲು ಹಾಗೇ ಇತ್ತು. ಅಕ್ಷರವೆಲ್ಲ ಅಳಿಸಿ ಬರೀ ಬಿಳಿ ಚೀಟಿಯಾಗಿತ್ತು. ಪುಸ್ತಕದ ಹಾಳೆ ಮಾತ್ರ ಇನ್ನೂ ಒಂದಕ್ಕೊಂದು ಅಂಟಿಕೊಂಡಿತ್ತು. ತುಂಬಾ ಬೇಜಾರಾಯಿತು.

ಅವತ್ತಿನಿಂದ ಮೊದಲ ಪುಟದಲ್ಲಿ ಪೆನ್ಸಿಲ್‌ನಿಂದ ಎರಡು ಸಾಲು ಬರೆಯುತ್ತೇನೆ: ಯಾವಾಗ ಕೊಂಡೆ, ಯಾಕೆ ಕೊಂಡೆ. ಈ "ಯಾಕೆ" ಬಹಳ ಮುಖ್ಯ. ಎರಡು ವರ್ಷ ಬಿಟ್ಟು ಓದಿದಾಗ ಆ ಕಾರಣ ಇನ್ನೂ ನಿಜ ಅನ್ನಿಸಿದರೆ ಇಟ್ಟುಕೊಳ್ಳುತ್ತೇನೆ, ಇಲ್ಲದಿದ್ದರೆ ಕೊಟ್ಟುಬಿಡುತ್ತೇನೆ. ಹಾಸಿಗೆ ಪಕ್ಕ ಓದದ ಐದು ಪುಸ್ತಕ ಮಾತ್ರ ಇಡುತ್ತೇನೆ. ಮೂವತ್ತು ಪುಟ ಓದಿಯೂ ಮನಸ್ಸು ಹಿಡಿಯದಿದ್ದರೆ ಅದನ್ನೆತ್ತಿ ಬೇರೆಯದನ್ನು ಇಡುತ್ತೇನೆ.

ಕೊಡುವುದಾದರೆ ನಿಮ್ಮ ಗ್ರಾಮ ಪಂಚಾಯಿತಿ ಗ್ರಂಥಾಲಯದಲ್ಲಿ ಕೇಳಿ, ಈಗ ಅದನ್ನು ಅರಿವು ಕೇಂದ್ರ ಅಂತಾರೆ. ಮಕ್ಕಳ ಪುಸ್ತಕ ಕೊಟ್ಟರೆ ಖುಷಿಯಿಂದ ತಗೊಳ್ತಾರೆ. ಹರಿದದ್ದನ್ನು ದಯವಿಟ್ಟು ಅಲ್ಲಿಗೆ ಸಾಗಿಸಬೇಡಿ.

ಇಟ್ಟುಕೊಂಡದ್ದನ್ನು ಚೆನ್ನಾಗಿ ಕಾಪಾಡಿ. ನಮ್ಮದು ಮಲೆನಾಡು, ಮಳೆಗಾಲದಲ್ಲಿ ಬೂಷ್ಟು ತಪ್ಪಿದ್ದಲ್ಲ. ಕಪಾಟನ್ನು ಗೋಡೆಯಿಂದ ನಾಲ್ಕು ಬೆರಳು ಈಚೆ ಇಡಿ, ಪುಸ್ತಕಗಳನ್ನು ಬಿಗಿಯಾಗಿ ತುರುಕಬೇಡಿ. ಓದದ ಪುಸ್ತಕವನ್ನೂ ತಿಂಗಳಿಗೊಮ್ಮೆ ತೆಗೆದು ಹಾಳೆ ಸರಿಸಿ ಗಾಳಿಯಾಡಿಸಿ. ಅಂಟಿನ ಆಸೆಗೆ ಹುಳ ಮೊದಲು ಬರೋದು ಬೆನ್ನಿನ ಕಡೆಗೆ, ಅಲ್ಲೇ ನೋಡಿ.

ಮನೆಯವರಿಗೆ ಒಮ್ಮೆ ಪಾಂಡವಪುರದ ಹತ್ತಿರ ಹರಳಹಳ್ಳಿಯ ಅಂಕೇಗೌಡರ ಪುಸ್ತಕ ಮನೆ ತೋರಿಸಿ. ಸಕ್ಕರೆ ಕಾರ್ಖಾನೆಯಲ್ಲಿ ದುಡಿದವರು ಲಕ್ಷಗಟ್ಟಲೆ ಪುಸ್ತಕ ಕೂಡಿಸಿ ಎಲ್ಲರಿಗೂ ಬಾಗಿಲು ತೆರೆದಿಟ್ಟಿದ್ದಾರೆ.

ಸಂತೆಗೆ ಖಂಡಿತ ಹೋಗಿ ಅಕ್ಕ. ಹೊರಡುವ ಮುಂಚೆ ಕಪಾಟಿನ ಒಂದೊಂದು ಸಾಲಿನದ್ದೂ ಫೋಟೋ ತೆಗೆದು ಫೋನಿನಲ್ಲಿ ಇಟ್ಟುಕೊಳ್ಳಿ. ಇರುವ ಪುಸ್ತಕವನ್ನೇ ಮತ್ತೆ ಕೊಂಡು ತರೋದಾದರೂ ತಪ್ಪುತ್ತೆ.