ಆ ಡಿಸ್ಕಿಗೆ ಇನ್ನು ಕೈ ಹಚ್ಚಬೇಡಿ

ಮದುವೆ ಸೀಸನ್ ಮುಗಿಯುತ್ತ ಬಂದಂತೆ ಕಂಪ್ಯೂಟರಿನಲ್ಲಿ ಜಾಗ ಮಾಡಿಕೊಳ್ಳುವ ಗಡಿಬಿಡಿ ಶುರುವಾಗುತ್ತದೆ. ಅಳಿಸಬಾರದ್ದು ಅಳಿಸಿಹೋಗುವುದೂ ಆಗಲೇ. ಈ ಸಲ ಬಂದ ಪತ್ರಗಳಲ್ಲಿ ಬಹಳಷ್ಟು ಇದೇ ಸಂಕಟದವು. ಹೆಸರು ಬೇಡ ಎಂದವರೇ ಹೆಚ್ಚು, ಹಾಗಾಗಿ ಎಲ್ಲರಿಗೂ ಊರಷ್ಟೇ ಹಾಕಿದ್ದೇನೆ.

ಶರಣು ಅಕ್ಕಾರೆ. ಮನೆಯಲ್ಲೇ ಮದುವೆ ವಿಡಿಯೋ ಮಿಕ್ಸಿಂಗ್ ಮಾಡುತ್ತೇನೆ. ಡಿ ಡ್ರೈವ್ ತುಂಬಿತೆಂದು ಹಳೆಯ ಫೋಲ್ಡರ್ ತೆಗೆಯುವಾಗ, ಇನ್ನೂ ಡೆಲಿವರಿ ಕೊಡದ ಮದುವೆಯ ಫೋಲ್ಡರನ್ನೂ ರೀಸೈಕಲ್ ಬಿನ್ನಿಗೂ ಹೋಗದಂತೆ ಶಿಫ್ಟ್ ಒತ್ತಿ ಡಿಲೀಟ್ ಮಾಡಿಬಿಟ್ಟೆ. ಎಡಿಟಿಂಗ್ ಸಾಫ್ಟ್‌ವೇರ್ ಪ್ರೀಮಿಯರ್ ಪ್ರೋದ ಪ್ರಾಜೆಕ್ಟ್, ಅದು ತಾನಾಗಿ ಉಳಿಸಿಡುವ ಆಟೋಸೇವ್ ಪ್ರತಿಗಳು, ಎರಡೂ ಕ್ಯಾಮೆರಾದ ಫೂಟೇಜ್ ಎಲ್ಲ ಅದರಲ್ಲೇ ಇತ್ತು. 11 ದಿನದ ಕೆಲಸ. ಒಂದು ಮೆಮೊರಿ ಕಾರ್ಡ್ ಹಾಗೇ ಇದೆ. ಇನ್ನೊಂದನ್ನು ಫಾರ್ಮ್ಯಾಟ್ ಮಾಡಿದ್ದೇನೆ, ಆದರೆ ಅದರಲ್ಲಿ ಇನ್ನೂ ಶೂಟ್ ಮಾಡಿಲ್ಲ. ಹುಡುಗಿ ಮನೆಯವರು ದಿನಾ ಫೋನ್ ಮಾಡುತ್ತಿದ್ದಾರೆ. — ಹುಮನಾಬಾದ್

ಪತ್ರ ಓದಿದ ಕೂಡಲೇ ನಿಮಗೆ ಫೋನ್ ಮಾಡಿ ಒಂದೇ ಮಾತು ಹೇಳಿದ್ದೆ: "ಕಂಪ್ಯೂಟರ್ ಬಂದ್ ಮಾಡ್ರಿ, ಆ ಡಿಸ್ಕಿಗೆ ಇನ್ನ ಕೈ ಹಚ್ಚಬ್ಯಾಡ್ರಿ." ಯಾಕೆ ಹಾಗೆ ಹೇಳಿದೆ ಎಂಬುದನ್ನು ಎಲ್ಲರಿಗಾಗಿ ಇಲ್ಲಿ ಬಿಡಿಸಿ ಬರೆಯುತ್ತೇನೆ.

ಡಿಲೀಟ್ ಒತ್ತಿದ ಗಳಿಗೆಗೆ ಹಾರ್ಡ್ ಡಿಸ್ಕಿನಿಂದ ವಿಡಿಯೋ ಹೋಗುವುದಿಲ್ಲ. ಡಿಸ್ಕಿನ ಫೈಲುಗಳ ಪಟ್ಟಿಯಲ್ಲಿ ಆ ಫೈಲ್ ಇದ್ದ ಜಾಗ ಖಾಲಿ ಎಂದು ಗುರುತಾಗುತ್ತದೆ, ಅಷ್ಟೆ. ಪಹಣಿಯಲ್ಲಿ ಹೆಸರು ತೆಗೆದ ಮಾತ್ರಕ್ಕೆ ಹೊಲದಲ್ಲಿ ನಿಂತ ತೊಗರಿ ಮಾಯವಾಗುವುದಿಲ್ಲವಲ್ಲ, ಹಾಗೆ. ಇನ್ನೊಬ್ಬರು ಬಂದು ಅಲ್ಲಿ ರಂಟೆ ಹೊಡೆದರೆ ಮಾತ್ರ ಬೆಳೆ ಉಳಿಯದು. ಕಂಪ್ಯೂಟರ್ ಸುಮ್ಮನೆ ಆನ್ ಇದ್ದರೂ ಏನಾದರೊಂದು ಬರೆಯುತ್ತಲೇ ಇರುತ್ತದೆ. ಪ್ರೀಮಿಯರ್ ತೆರೆದರೆ ಅದು ಕ್ಯಾಶ್ ಎಂಬ ತಾತ್ಕಾಲಿಕ ಫೈಲುಗಳನ್ನು ಬರೆಯುತ್ತದೆ. ಗಾಬರಿಯಲ್ಲಿ ರಿಕವರಿ ಸಾಫ್ಟ್‌ವೇರನ್ನೇ ಡಿ ಡ್ರೈವಿಗೆ ಇಳಿಸಿಕೊಂಡು, ಸಿಕ್ಕ ಫೈಲುಗಳನ್ನೂ ಅದೇ ಡ್ರೈವಿಗೆ ಸೇವ್ ಮಾಡುವವರಿದ್ದಾರೆ. ನನ್ನ ಕಡೆ ಬಂದ ಡಿಸ್ಕುಗಳಲ್ಲಿ ಹೆಚ್ಚಿನವು ಹಾಳಾದದ್ದು ಡಿಲೀಟಿನಿಂದ ಅಲ್ಲ, ಅದಾದ ಮೇಲಿನ ಅರ್ಧ ತಾಸಿನ ಗಡಿಬಿಡಿಯಿಂದ.

ನಿಮ್ಮ ಡಿ ಡ್ರೈವ್ ತಿರುಗುವ ಹಾರ್ಡ್ ಡಿಸ್ಕ್ ಎಂದು ಫೋನಿನಲ್ಲಿ ಹೇಳಿದಿರಿ, ಅದು ನಿಮ್ಮ ಪುಣ್ಯ. ತಿರುಗುವ ಭಾಗವಿಲ್ಲದ, ಚಿಪ್ಪುಗಳ ಎಸ್‌ಎಸ್‌ಡಿ ಆಗಿದ್ದರೆ ಟ್ರಿಮ್ ಎಂಬ ವ್ಯವಸ್ಥೆ ಡಿಲೀಟ್ ಆದ ಜಾಗವನ್ನು ತಾನಾಗಿಯೇ ತೊಳೆದುಬಿಡುತ್ತದೆ. ಅಲ್ಲಿ ಆಸೆ ಬಹಳ ಕಡಿಮೆ.

ಈಗ ಆ ಡಿಸ್ಕನ್ನು ಬಿಚ್ಚಿಸಿ, ಯುಎಸ್‌ಬಿ ಕೇಬಲ್ ಮೂಲಕ ಇನ್ನೊಂದು ಕಂಪ್ಯೂಟರಿಗೆ ಹಚ್ಚಿ. ಸಿಕ್ಕಿದ್ದನ್ನು ಇಳಿಸಿಕೊಳ್ಳಲು ಅಷ್ಟೇ ದೊಡ್ಡ ಖಾಲಿ ಡಿಸ್ಕ್ ಒಂದು ಬೇಕು. ಮೊದಲು ರೆಕುವಾ ಎಂಬ ಉಚಿತ ರಿಕವರಿ ಸಾಫ್ಟ್‌ವೇರ್ ಓಡಿಸಿ. ಮೈಕ್ರೋಸಾಫ್ಟಿನವರ ವಿಂಡೋಸ್ ಫೈಲ್ ರಿಕವರಿ ಕೂಡ ಉಚಿತ, ಆದರೆ ಅದಕ್ಕೆ ಕಮಾಂಡ್ ಟೈಪ್ ಮಾಡಬೇಕು. ಇವು ಹಳೆಯ ಪಟ್ಟಿಯ ಗುರುತು ಹಿಡಿದು ಹುಡುಕುವುದರಿಂದ ಫೈಲಿನ ಹೆಸರು ಉಳಿಯುವ ಸಾಧ್ಯತೆ ಇರುತ್ತದೆ. ಅವುಗಳಲ್ಲಿ ಸಿಗದಿದ್ದರೆ ಫೋಟೋರೆಕ್ ಎಂಬ ಇನ್ನೊಂದು ಸಾಫ್ಟ್‌ವೇರ್. ಅದು ಪಟ್ಟಿ ನೋಡುವುದಿಲ್ಲ, ಡಿಸ್ಕಿನ ಮೂಲೆಮೂಲೆ ಕೆದಕಿ ಫೈಲಿನ ಮೈಗುರುತು ಹುಡುಕುತ್ತದೆ. ಹೆಸರೆಲ್ಲ ಹೋಗಿರುತ್ತವೆ, ತುಂಡುತುಂಡಾಗಿ ಬರೆದಿದ್ದ ವಿಡಿಯೋ ಸರಿಯಾಗಿ ಕೂಡದಿರಲೂಬಹುದು. ಇಲ್ಲೊಂದು ಸೂಕ್ಷ್ಮ ನೆನಪಿಡಿ. ಪ್ರೀಮಿಯರ್ ಪ್ರಾಜೆಕ್ಟ್ ಎಂದರೆ ಜಿಜಿಪ್ ಮಾಡಿದ, ಅಂದರೆ ಒತ್ತಿ ಚಿಕ್ಕದು ಮಾಡಿದ, ಎಕ್ಸ್‌ಎಂಎಲ್ ಬರಹ. ಹಾಗಾಗಿ ಅದು ಹೆಸರಿನ ಕೊನೆಗೆ ಜಿಝೆಡ್ (.gz) ಎಂಬ ಬಾಲ ಹಚ್ಚಿಕೊಂಡು ಬಂದಿರಲೂಬಹುದು. ಅಂಥವುಗಳ ಒಂದು ಕಾಪಿ ಮಾಡಿ, ಬಾಲವನ್ನು ಪಿಆರ್‌ಪಿಆರ್‌ಒಜೆ (.prproj) ಎಂದು ಬದಲಿಸಿ ಪ್ರೀಮಿಯರ್‌ನಲ್ಲಿ ತೆರೆದು ನೋಡಿ.

ಪ್ರಾಜೆಕ್ಟ್ ಫೈಲ್ ಒಂದು ಸಿಕ್ಕರೂ ನಿಮ್ಮ 11 ದಿನ ವಾಪಸ್ ಬಂದಂತೆ. ಅದರಲ್ಲಿ ವಿಡಿಯೋ ಇರುವುದಿಲ್ಲ. ಯಾವ ಕ್ಲಿಪ್ಪು, ಎಲ್ಲಿಂದ ಎಲ್ಲಿಗೆ, ಯಾವ ಹಾಡಿನ ಮೇಲೆ ಎಂಬ ಲೆಕ್ಕವಷ್ಟೇ ಇರುತ್ತದೆ. ಉಳಿದ ಕಾರ್ಡಿನಿಂದ ಫೂಟೇಜನ್ನು ಹಳೆಯ ಹೆಸರುಗಳಲ್ಲೇ ಮತ್ತೆ ಕಾಪಿ ಮಾಡಿ, 'ಮೀಡಿಯಾ ಆಫ್‌ಲೈನ್' ಎಂದು ಕೆಂಪಗೆ ಬಂದಾಗ ಲಿಂಕ್ ಮೀಡಿಯಾದಲ್ಲಿ ಆ ಜಾಗ ತೋರಿಸಿದರೆ ಟೈಮ್‌ಲೈನ್ ಎದ್ದು ಕೂರುತ್ತದೆ. ಪ್ರಾಜೆಕ್ಟ್ ಸಿಗದೇ ಹೋದರೂ, ಹುಡುಗಿಯ ಅಣ್ಣನಿಗೆ ನೋಡಲೆಂದು ಒಂದು ಎಂಪಿ4 ಕಳಿಸಿದ್ದೆ ಎಂದಿರಲ್ಲ, ಅದನ್ನು ತರಿಸಿಕೊಳ್ಳಿ. ಪ್ರೀಮಿಯರ್‌ನ ಸೀನ್ ಎಡಿಟ್ ಡಿಟೆಕ್ಷನ್ ಅದರಲ್ಲಿ ಕಟ್ ಇರುವ ಕಡೆಗಳನ್ನೆಲ್ಲ ತಾನೇ ಗುರುತಿಸಿಕೊಡುತ್ತದೆ. ಆ ಗುರುತಿನ ಮೇಲೆ ಒಳ್ಳೆಯ ಫೂಟೇಜ್ ಕೂರಿಸುತ್ತ ಹೋದರೆ 11 ದಿನ ಬೇಕಾಗುವುದಿಲ್ಲ.

ಫಾರ್ಮ್ಯಾಟ್ ಆದ ಕಾರ್ಡನ್ನು ಮತ್ತೆ ಕ್ಯಾಮೆರಾಕ್ಕೆ ಹಾಕಬೇಡಿ. ಅದರ ಪಕ್ಕದಲ್ಲಿರುವ ಚಿಕ್ಕ ಲಾಕ್ ಗುಂಡಿಯನ್ನು ಕೆಳಗೆ ಸರಿಸಿ, ಆಮೇಲೆ ಫೋಟೋರೆಕ್ ಓಡಿಸಿ. ಇಡೀ ಕಾರ್ಡನ್ನು ಒರೆಸುವ ಲೋ ಲೆವೆಲ್ ಎಂಬುದನ್ನು ಒತ್ತದೆ ಸಾದಾ ಫಾರ್ಮ್ಯಾಟ್ ಮಾಡಿದ್ದರೆ ಬಹಳಷ್ಟು ಬರುತ್ತದೆ ಎಂಬ ನಂಬಿಕೆ ನನಗಿದೆ. ಆ ಮನೆಯವರಿಗೆ ಇವತ್ತೇ ನಿಜ ಹೇಳಿ. ಇನ್ನೆರಡು ದಿನ, ಇನ್ನೆರಡು ದಿನ ಎಂದು ತಳ್ಳುತ್ತ ಹೋದರೆ ನಿಮಗೆ ರಾತ್ರಿ ನಿದ್ದೆ ಹತ್ತದು.

ಅಕ್ಕಾ, ನಾನು ಬಿ.ಎ. ಓದುತ್ತಿದ್ದೇನೆ. ನಮ್ಮ ಅಜ್ಜಿ ಹಾಡುವ ಬೀಸುಕಲ್ಲಿನ ಪದಗಳನ್ನು ಫೋನಿನಲ್ಲಿ ಶೂಟ್ ಮಾಡಿ ಕೈನ್‌ಮಾಸ್ಟರ್‌ನಲ್ಲಿ ಜೋಡಿಸುತ್ತಿದ್ದೆ. ಸ್ಟೋರೇಜ್ ತುಂಬಿದಾಗ ತಮ್ಮ ಆ ಆ್ಯಪನ್ನೇ ತೆಗೆದುಹಾಕಿದ. ಮತ್ತೆ ಹಾಕಿಕೊಂಡರೆ ಒಳಗೆ ಏನೂ ಇಲ್ಲ. — ಸುರಪುರ

ತಂಗಿ, ಜೋಡಿಸಿದ ಕೆಲಸ ಆ್ಯಪಿನ ಜೊತೆಗೇ ಹೋಯಿತು. ಅಂಥ ಆ್ಯಪುಗಳ ಪ್ರಾಜೆಕ್ಟು ಆ್ಯಪಿನ ಹೊಟ್ಟೆಯೊಳಗೇ ಇರುತ್ತದೆ. ಆ್ಯಪ್ ತೆಗೆದರೂ ಹೋಗುತ್ತದೆ, ಕ್ಲಿಯರ್ ಡೇಟಾ ಒತ್ತಿದರೂ ಹೋಗುತ್ತದೆ. ಆದರೆ ಅಜ್ಜಿಯ ವಿಡಿಯೋ ನೀನು ಫೋನಿನ ಕ್ಯಾಮೆರಾದಲ್ಲಿ ತೆಗೆದಿದ್ದು, ಅದು ಗ್ಯಾಲರಿಯಲ್ಲೇ ಇರಬೇಕು. ತಮ್ಮ ಅದನ್ನೂ ಅಳಿಸಿದ್ದರೆ ಗ್ಯಾಲರಿಯ ಟ್ರ್ಯಾಶ್ ನೋಡು. ಗೂಗಲ್ ಫೋಟೋಸ್‌ಗೆ ಬ್ಯಾಕಪ್ ಆಗಿದ್ದದ್ದು ಅಲ್ಲಿನ ಟ್ರ್ಯಾಶ್‌ನಲ್ಲಿ 60 ದಿನ ಇರುತ್ತದೆ. ಆ್ಯಪಿನೊಳಗೇ ಮೈಕ್ ಒತ್ತಿ ನೀನು ಹೇಳಿದ ವಿವರಣೆ ಮಾತ್ರ ಸಿಗಲಿಕ್ಕಿಲ್ಲ, ಅದನ್ನು ಮತ್ತೆ ಹೇಳಬಹುದು.

ಪ್ಲೇ ಸ್ಟೋರ್‌ನಲ್ಲಿ 'ಅಳಿಸಿದ ವಿಡಿಯೋ ತರುತ್ತೇವೆ' ಎಂದು ದುಡ್ಡು ಕೇಳುವ ಆ್ಯಪುಗಳಿಗೆ ಒಂದು ರೂಪಾಯಿಯನ್ನೂ ಕೊಡಬೇಡ. ಈಗಿನ ಫೋನುಗಳ ಒಳಗಿನ ಸ್ಟೋರೇಜ್ ಎನ್‌ಕ್ರಿಪ್ಟ್ ಆಗಿರುತ್ತದೆ, ಹೆಚ್ಚಾಗಿ ಅವು ತೋರಿಸುವುದು ಚಿಕ್ಕ ಚಿಕ್ಕ ಥಂಬ್‌ನೇಲುಗಳನ್ನು. ಮುಂದೆ ವಾರಕ್ಕೊಮ್ಮೆ ಕೈನ್‌ಮಾಸ್ಟರ್‌ನಲ್ಲಿ ಪ್ರಾಜೆಕ್ಟನ್ನು ಎಕ್ಸ್‌ಪೋರ್ಟ್ ಮಾಡು. ಕೈನ್ (.kine) ಎಂಬ ಬಾಲದ ಒಂದು ಫೈಲ್ ಬರುತ್ತದೆ, ಅದನ್ನು ಗೂಗಲ್ ಡ್ರೈವಿಗೆ ಹಾಕಿಡು.

ಇನ್ನೊಂದು. ಅಜ್ಜಿ ಗಟ್ಟಿಯಾಗಿದ್ದಾರೆ ಎಂದು ಬರೆದಿದ್ದೀ. ಈ ಭಾನುವಾರವೇ ಮತ್ತೆ ಕೂಡಿಸಿಕೊಂಡು ಹಾಡಿಸು. ಹೋದ ಸಲ ಬಿಟ್ಟ ಪದಗಳೂ ಈ ಸಲ ಬಾಯಿಗೆ ಬರುತ್ತವೆ. ಕಲ್ಲು ತಿರುಗುವ ಸಪ್ಪಳವನ್ನು ಬೇರೆಯಾಗಿ ಎರಡು ನಿಮಿಷ ರೆಕಾರ್ಡ್ ಮಾಡಿಕೊ, ಜೋಡಿಸುವಾಗ ಬಹಳ ಉಪಯೋಗಕ್ಕೆ ಬರುತ್ತದೆ.

ಜಾತ್ರೆ ಶೂಟ್ ಮಾಡುವಾಗ ಕ್ಯಾಮೆರಾದ ಬ್ಯಾಟರಿ ಕಳಚಿ ಬಿತ್ತು. ಫೈಲ್ 3 ಜಿಬಿ ಇದೆ, ಆದರೆ ಯಾವುದರಲ್ಲೂ ಓಪನ್ ಆಗುತ್ತಿಲ್ಲ. — ಯಾದಗಿರಿ

ಡಿಲೀಟ್ ಮಾಡಬೇಡಿ, ದೃಶ್ಯ ಒಳಗೇ ಇದೆ. ಎಂಪಿ4 ಫೈಲಿಗೆ ಮೂವ್ ಎಂಬ ಒಂದು ಅನುಕ್ರಮಣಿಕೆ ಇರುತ್ತದೆ. ಕ್ಯಾಮೆರಾ ಅದನ್ನು ಸಾಮಾನ್ಯವಾಗಿ ರೆಕಾರ್ಡಿಂಗ್ ನಿಲ್ಲಿಸಿದಾಗ ಕೊನೆಗೆ ಬರೆಯುತ್ತದೆ. ನಿಮ್ಮದಕ್ಕೆ ಅಷ್ಟು ಹೊತ್ತು ಸಿಗಲಿಲ್ಲ. ಮೊದಲು ಕಾರ್ಡನ್ನು ಅದೇ ಕ್ಯಾಮೆರಾಕ್ಕೆ ಹಾಕಿ ನೋಡಿ, ಕೆಲವು ಕ್ಯಾಮೆರಾಗಳು ತಾವೇ ರಿಪೇರಿ ಮಾಡಲೇ ಎಂದು ಕೇಳುತ್ತವೆ. ಇಲ್ಲವಾದರೆ ಅನ್‌ಟ್ರಂಕ್ ಎಂಬ ಉಚಿತ ಸಾಫ್ಟ್‌ವೇರ್ ಇದೆ. ಅದೇ ಕ್ಯಾಮೆರಾದಲ್ಲಿ ಅದೇ ಸೆಟ್ಟಿಂಗಿನಲ್ಲಿ ತೆಗೆದ ಒಂದು ಒಳ್ಳೆಯ ಕ್ಲಿಪ್ಪನ್ನು ಮಾದರಿಗೆ ಕೊಟ್ಟರೆ ಕೆಟ್ಟಿದ್ದನ್ನು ಅದರಂತೆ ಕಟ್ಟಲು ನೋಡುತ್ತದೆ.

ಕಂಪ್ಯೂಟರ್ ಸ್ಲೋ ಆಯಿತೆಂದು ವಿಂಡೋಸ್ ಹೊಸದಾಗಿ ಹಾಕಿಸಿದೆ. ಎಡಿಟಿಂಗ್ ಸಾಫ್ಟ್‌ವೇರ್ ಡಾವಿಂಚಿ ರಿಸಾಲ್ವ್‌ನ ಪ್ರಾಜೆಕ್ಟುಗಳೆಲ್ಲ ಮಾಯ. ಫೂಟೇಜ್ ಇ ಡ್ರೈವಿನಲ್ಲಿ ಸುರಕ್ಷಿತ ಇದೆ. ಪ್ರಾಜೆಕ್ಟ್ ಫೈಲ್ ಎಲ್ಲಿರುತ್ತದೆ? — ಭಾಲ್ಕಿ

ರಿಸಾಲ್ವ್‌ನಲ್ಲಿ ಪ್ರೀಮಿಯರ್‌ನಂತೆ ಪ್ರಾಜೆಕ್ಟಿಗೊಂದು ಫೈಲನ್ನು ನಿಮ್ಮ ಫೋಲ್ಡರಿನಲ್ಲಿ ಇಡುವ ಪದ್ಧತಿ ಇಲ್ಲ. ಎಲ್ಲವೂ ಒಂದು ಡೇಟಾಬೇಸಿನಲ್ಲಿ ಇರುತ್ತವೆ, ನಾವು ಬೇರೆ ಜಾಗ ಹೇಳದಿದ್ದರೆ ಆ ಡೇಟಾಬೇಸ್ ಸಿ ಡ್ರೈವಿನಲ್ಲೇ. ಸಿ ಫಾರ್ಮ್ಯಾಟ್ ಆದಾಗ ಅದೂ ಹೋಗಿದೆ. ಅಂಗಡಿಯವರು ಹಳೆಯ ಸಿ ಡ್ರೈವಿನ ಕಾಪಿ ಇಟ್ಟುಕೊಂಡಿದ್ದಾರೆಯೇ ಎಂದು ಇವತ್ತೇ ಕೇಳಿ. ಇದ್ದರೆ ಅದರಲ್ಲಿನ ಬ್ಲ್ಯಾಕ್‌ಮ್ಯಾಜಿಕ್ ಡಿಸೈನ್ ಫೋಲ್ಡರ್ ತಂದು ಪ್ರಾಜೆಕ್ಟ್ ಮ್ಯಾನೇಜರ್‌ನಲ್ಲಿ ಜೋಡಿಸಬಹುದು. ಮುಂದಕ್ಕೆ ಪ್ರಿಫರೆನ್ಸಸ್‌ನಲ್ಲಿ ಪ್ರಾಜೆಕ್ಟ್ ಬ್ಯಾಕಪ್ಸ್ ಆನ್ ಮಾಡಿ, ಅದರ ಜಾಗ ಇ ಡ್ರೈವಿನಲ್ಲಿ ಕೊಡಿ. ದೊಡ್ಡ ಕೆಲಸ ಮುಗಿದಾಗಲೆಲ್ಲ ಪ್ರಾಜೆಕ್ಟನ್ನು ಡಿಆರ್‌ಪಿ (.drp) ಫೈಲಾಗಿ ಎಕ್ಸ್‌ಪೋರ್ಟ್ ಮಾಡಿ ಫೂಟೇಜ್ ಪಕ್ಕದಲ್ಲೇ ಇಡಿ.

ಅಕ್ಕಾರೆ, ನಮ್ಮದು ಸಣ್ಣ ಸ್ಟುಡಿಯೋ. ದೊಡ್ಡ ಸರ್ವರ್ ಕೊಳ್ಳುವ ತಾಕತ್ತಿಲ್ಲ. ಇಂಥದ್ದು ಆಗದ ಹಾಗೆ ಕಡಿಮೆ ಖರ್ಚಿನಲ್ಲಿ ಏನು ಮಾಡಬಹುದು? — ಆಳಂದ

ನನ್ನದೂ ಸಣ್ಣ ಸ್ಟುಡಿಯೋನೇ. 1999ರಲ್ಲಿ ಕಲಬುರಗಿಯಲ್ಲಿ ನಮ್ಮ ಮನೆಯವರ ಫೋಟೋ ಸ್ಟುಡಿಯೋದ ಒಂದು ಮೂಲೆಯಲ್ಲಿ ಮಿಕ್ಸಿಂಗ್ ಕಲಿತವಳು ನಾನು. ಆಮೇಲೆ ಮಿನಿ ಡಿವಿ ಟೇಪ್ ಬಂತು. ಒಂದು ತಾಸಿನ ಟೇಪು ಕಂಪ್ಯೂಟರಿಗೆ ಇಳಿಸಿದರೆ ಸುಮಾರು 13 ಜಿಬಿ. ಡಿಸ್ಕ್ ಕೆಟ್ಟರೂ ಟೇಪು ಅಲಮಾರಿನಲ್ಲಿ ಇರುತ್ತಿತ್ತು, ಪ್ರಾಜೆಕ್ಟಿನಲ್ಲಿದ್ದ ಟೈಮ್‌ಕೋಡ್ ಎಂಬ ಸಮಯದ ಗುರುತು ಹಿಡಿದು ಮತ್ತೆ ಅದೇ ತುಣುಕುಗಳನ್ನು ಇಳಿಸಿಕೊಳ್ಳುತ್ತಿದ್ದೆವು. ಬ್ಯಾಕಪ್ ಎಂಬ ಶಬ್ದ ನಾವು ಆಡದೇ ಇದ್ದರೂ ಆ ಟೇಪೇ ಬ್ಯಾಕಪ್ ಆಗಿತ್ತು. ಕಾರ್ಡ್ ಬಂದ ಮೇಲೆ ನಾವೇ ನಮ್ಮ ಕೈಯಾರೆ ಮೂಲವನ್ನು ಅಳಿಸಿ ಮುಂದಿನ ಮದುವೆಗೆ ಹೋಗತೊಡಗಿದೆವು.

2011ರಲ್ಲಿ, ಕಾರ್ಡಿನ ಕ್ಯಾಮೆರಾ ತಂದ ಹೊಸದರಲ್ಲಿ, ಸೇಡಂ ಕಡೆಯ ಒಂದು ಮದುವೆಯ ಕಾರ್ಡನ್ನು ಕಾಪಿ ಆಗಿದೆ ಎಂದುಕೊಂಡು ಫಾರ್ಮ್ಯಾಟ್ ಮಾಡಿ ಮರುದಿನ ಇನ್ನೊಂದು ಮದುವೆ ಶೂಟ್ ಮಾಡಿಬಿಟ್ಟೆ. ಸುರಗಿ ಶಾಸ್ತ್ರದ ದೃಶ್ಯ ಉಳಿದಿತ್ತು, ಅಕ್ಕಿಕಾಳು ಹಾಕುವ ದೃಶ್ಯ ಹೋಗಿತ್ತು. ಹುಡುಗಿಯ ಮನೆಗೆ ಹೋಗಿ ಹೇಳಿದೆ. ಅವರ ತಾಯಿ ಜಗಳ ಆಡಲಿಲ್ಲ. "ಮದಿವಿ ಆಗ್ಯಾದ ಬಿಡ್ರಿ. ಆದ್ರ ನಮ್ಮ ಅತ್ತಿ ಮಾರಿ ಅದರಾಗಷ್ಟೇ ಇತ್ತು" ಎಂದರು. ಹುಡುಗಿಯ ಮದುವೆಯಾದ ಒಂಬತ್ತನೆಯ ದಿನ ಆ ಅತ್ತೆ ತೀರಿಕೊಂಡಿದ್ದರು.

ಅಂದಿನಿಂದ ನನ್ನ ಹುಡುಗರಿಗೆ ಇರುವ ಕಟ್ಟಳೆ ಹೀಗಿದೆ. ಕ್ಯಾಮೆರಾದಿಂದ ಕಾರ್ಡ್ ಹೊರಬಂದ ಕೂಡಲೇ ಲಾಕ್ ಗುಂಡಿ ಸರಿಸಬೇಕು, ಕಾರ್ಡ್ ಚೀಲದಲ್ಲಿ ಬೆನ್ನು ಮೇಲೆ ಮಾಡಿ ಇಡಬೇಕು. ಹೆಸರು ಕಾಣುವ ಕಾರ್ಡ್ ಖಾಲಿ, ಬೆನ್ನು ಕಾಣುವ ಕಾರ್ಡ್ ತುಂಬಿದ್ದು. ರಾತ್ರಿ ಎಷ್ಟೇ ತಡವಾಗಲಿ, ಎರಡು ಬೇರೆ ಬೇರೆ ಡಿಸ್ಕಿಗೆ ಕಾಪಿ. ಒಂದೇ ಡಿಸ್ಕಿನ ಡಿ ಮತ್ತು ಇ ಎರಡು ಕಡೆ ಇಟ್ಟರೆ ಅದು ಎರಡು ಕಾಪಿ ಅಲ್ಲ. ಫೈಲುಗಳ ಸಂಖ್ಯೆ, ಗಾತ್ರ ತಾಳೆ ನೋಡಿ, ಮೊದಲಿನ, ನಡುವಿನ, ಕೊನೆಯ ಕ್ಲಿಪ್ಪನ್ನು ಡಿಸ್ಕಿನಿಂದಲೇ ಪ್ಲೇ ಮಾಡಿ ನೋಡಬೇಕು. ಎರಡನೆಯ ಡಿಸ್ಕ್ ಸ್ಟುಡಿಯೋದಲ್ಲಿ ಉಳಿಯುವುದಿಲ್ಲ, ನನ್ನ ಜೊತೆ ಮನೆಗೆ ಬರುತ್ತದೆ. ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಬೇರೆ ಜಾಗದಲ್ಲಿ ಎಂದು ದೊಡ್ಡ ಸ್ಟುಡಿಯೋದವರು ಪಾಲಿಸುವ ಲೆಕ್ಕವನ್ನು ನಾನು ನನ್ನ ಶಕ್ತಿಗೆ ತಕ್ಕಂತೆ ಮಾಡಿಕೊಂಡಿದ್ದೇನೆ. ಮೂರನೆಯ ಪ್ರತಿಗೆ ಗಿರಾಕಿಗೇ ಒಂದು ಡಿಸ್ಕ್ ತರಲು ಹೇಳಿ ಮೂಲ ಫೂಟೇಜ್ ತುಂಬಿ ಕೊಡುತ್ತೇನೆ.

ಪ್ರಾಜೆಕ್ಟ್ ಫೈಲಿಗೆ ಖರ್ಚೇ ಇಲ್ಲ. ಮದುವೆಯ ಫೂಟೇಜ್ ನೂರಾರು ಜಿಬಿ ಆದರೂ ಪ್ರಾಜೆಕ್ಟ್ ಫೈಲ್ ಕೆಲವೇ ಎಂಬಿ. ಗೂಗಲ್ ಡ್ರೈವಿನ ಉಚಿತ 15 ಜಿಬಿಯಲ್ಲಿ ನನ್ನ ಹಲವು ವರ್ಷಗಳ ಪ್ರಾಜೆಕ್ಟುಗಳು ಇವೆ. ಆಟೋಸೇವ್ ಸಾಮಾನ್ಯವಾಗಿ ಪ್ರಾಜೆಕ್ಟ್ ಪಕ್ಕದಲ್ಲೇ ಕೂತಿರುತ್ತದೆ. ಹುಮನಾಬಾದಿನವರಿಗೆ ಆದದ್ದು ನೋಡಿದಿರಲ್ಲ, ಫೋಲ್ಡರ್ ಹೋದಾಗ ಅದೂ ಹೋಯಿತು. ಹಾಗಾಗಿ ಆಟೋಸೇವ್ ಇದೆ ಎಂದು ಸುಮ್ಮನಿರದೆ ದಿನದ ಕೊನೆಗೆ ತಾರೀಖು ಹಾಕಿ ಸೇವ್ ಆ್ಯಸ್ ಮಾಡಿ, ಡ್ರೈವಿಗೆ ಎಳೆದು ಬಿಡಿ.

ಇನ್ನು ಕಾರ್ಡ್ ಫಾರ್ಮ್ಯಾಟ್ ಮಾಡುವುದು ಯಾವಾಗ ಎಂದರೆ, ಮುಂದಿನ ಮದುವೆಯ ಬೆಳಿಗ್ಗೆ, ಮಂಟಪದಲ್ಲಿ, ಕ್ಯಾಮೆರಾದಲ್ಲೇ. ಅದಕ್ಕೆ ಮೊದಲು ಮನೆಯಲ್ಲಿರುವ ಡಿಸ್ಕಿನ ಕಾಪಿ ಓಪನ್ ಆಗುತ್ತದೆಯೇ ಎಂದು ನನಗೆ ಒಂದು ಫೋನ್ ಮಾಡಿ ಕೇಳಬೇಕು. ನಾನು ಹಚ್ಚಿ ನೋಡಿ ಹೂಂ ಎಂದ ಮೇಲೆಯೇ ಹುಡುಗರು ಲಾಕ್ ಗುಂಡಿ ಮೇಲೆ ಸರಿಸುತ್ತಾರೆ.