ಸಂಸತ್ತು ವಿಸರ್ಜನೆಯಾಗಿದ್ದಾಗ ಗಡಿಗೆ ಬಂದ ವಲಸಿಗರನ್ನು ನೇಪಾಳ ಹೇಗೆ ನಿಭಾಯಿಸಿತು?

2021ರ ಕೋವಿಡ್ ಎರಡನೇ ಅಲೆಯಲ್ಲಿ ಭಾರತದಿಂದ ಮರಳುತ್ತಿದ್ದವರ ಹೊಣೆಯನ್ನು, ಸಂಸತ್ತಿನ ಕೆಳಮನೆಯೇ ಇಲ್ಲದ ನೇಪಾಳದಲ್ಲಿ ಯಾರು ಹೊತ್ತರು ಎಂದು ಕೇಳಿದ್ದೀರಿ. ಮುಖ್ಯವಾಗಿ ಜಿಲ್ಲಾಧಿಕಾರಿಗಳು, ಸ್ಥಳೀಯ ಸರ್ಕಾರಗಳು. ಮೇ 22ರ ನಸುಕಿನಲ್ಲಿ ಕೆಳಮನೆ ಎರಡನೇ ಸಲ ವಿಸರ್ಜನೆಯಾಯಿತು ನಿಜ. ಆದರೆ ನಿಷೇಧಾಜ್ಞೆ ಹೊರಡಿಸಲು 1964ರ ಸಾಂಕ್ರಾಮಿಕ ರೋಗ ಕಾಯ್ದೆ ಇತ್ತು, 753 ಸ್ಥಳೀಯ ಸರ್ಕಾರಗಳೂ ಇದ್ದವು. ದಿನನಿತ್ಯದ ಕೆಲಸ ನಿಲ್ಲಲಿಲ್ಲ.

ಎಡವಟ್ಟಾದದ್ದು ಗಡಿಯಲ್ಲಿ. ಮೇ ಆರಂಭದಲ್ಲಿ 35 ಪ್ರವೇಶ ಸ್ಥಳಗಳ ಪೈಕಿ 22ನ್ನು ಮುಚ್ಚಿದರು. ಸುಮಾರು 1,750 ಕಿ.ಮೀ. ಉದ್ದದ ತೆರೆದ ಗಡಿಯಲ್ಲಿ ಹೀಗೆ ಮಾಡಿದರೆ ಉಳಿದ ಗೇಟುಗಳಲ್ಲಿ ನೂಕುನುಗ್ಗಲಾಗುತ್ತದೆ, ಮಿಕ್ಕವರು ಹೊಲದ ದಾರಿ ಹಿಡಿದು ಯಾವ ಪಟ್ಟಿಗೂ ಸಿಗದೆ ಊರು ಸೇರುತ್ತಾರೆ. ನನ್ನ ಮಟ್ಟಿಗೆ, ಗೇಟು ಕಡಿಮೆ ಮಾಡುವುದಕ್ಕಿಂತ ಪ್ರತಿ ಗೇಟಿನಲ್ಲೂ ಆಂಟಿಜೆನ್ ಪರೀಕ್ಷೆಯ ಮೇಜು ಹಾಕುವುದೇ ಮೇಲು. ಅಲ್ಲಿ ಹೆಸರು, ವಾರ್ಡ್ ಸಂಖ್ಯೆ, ಮನೆಯವರ ನೇಪಾಳಿ ಫೋನ್ ನಂಬರ್ ಬರೆದುಕೊಳ್ಳಬೇಕು. ಭಾರತದ ಸಿಮ್ ನಂಬರನ್ನಷ್ಟೇ ಬರೆದುಕೊಂಡರೆ, ಗಡಿ ದಾಟಿದ ಮೇಲೆ ಆ ವ್ಯಕ್ತಿ ಸಿಗುವ ಭರವಸೆಯಿಲ್ಲ. ಪಟ್ಟಿ ಅದೇ ದಿನ ವಾರ್ಡ್ ಕಚೇರಿಗೆ ಹೋಗಬೇಕು.

ಶಾಲೆಯನ್ನು ಕ್ವಾರಂಟೈನ್ ಕೇಂದ್ರ ಮಾಡಿದಾಗ ಒಂದೇ ದಿನ ಬಂದವರನ್ನು ಒಂದೇ ಕೋಣೆಯಲ್ಲಿಡಿ. ಹತ್ತನೇ ದಿನ ಹೊಸಬರನ್ನು ಅದೇ ಕೋಣೆಗೆ ತುಂಬಿದರೆ ಎಲ್ಲರ 14 ದಿನದ ಲೆಕ್ಕವೂ ಮತ್ತೆ ಒಂದರಿಂದ ಶುರು. 2020ರಲ್ಲಿ ಆಂಟಿಬಾಡಿ ಕಿಟ್ ನಂಬಿ ಜನರನ್ನು ಮನೆಗೆ ಬಿಟ್ಟದ್ದು ಇನ್ನೊಂದು ತಪ್ಪು: ಆಂಟಿಬಾಡಿ ಕಾಣಿಸಿಕೊಳ್ಳಲು ವಾರವೋ ಇನ್ನೂ ಹೆಚ್ಚೋ ಬೇಕು, ಸೋಂಕು ಹರಡುವುದು ಅದಕ್ಕೂ ಮುಂಚೆ.

ಇನ್ನು ದುಡ್ಡಿನ ವಿಷಯ. ಕೊಲ್ಲಿ ದೇಶಗಳಿಗೆ, ಮಲೇಷ್ಯಾಕ್ಕೆ ಹೋಗುವವರು ಕಾರ್ಮಿಕ ಪರವಾನಗಿ ಪಡೆದು ಕಲ್ಯಾಣ ನಿಧಿಗೆ ಹಣ ಕಟ್ಟುತ್ತಾರೆ. ವಿದೇಶದಲ್ಲಿ ಸಿಕ್ಕಿಬಿದ್ದವರನ್ನು ಆ ನಿಧಿಯ ಹಣದಿಂದ ಕರೆತರಲು 2020ರ ಜೂನ್‌ನಲ್ಲಿ ಸುಪ್ರೀಂ ಕೋರ್ಟೇ ಹೇಳಬೇಕಾಯಿತು. ಬೆಂಗಳೂರಿನ ಹೋಟೆಲ್‌ನಲ್ಲೋ ಅಪಾರ್ಟ್‌ಮೆಂಟ್ ಗೇಟಿನಲ್ಲೋ ದುಡಿಯುವ ನೇಪಾಳಿಗೆ ಪರವಾನಗಿಯೂ ಬೇಡ, ಹಾಗಾಗಿ ನಿಧಿಯಲ್ಲಿ ಪಾಲೂ ಇಲ್ಲ.

ಸಾಂವಿಧಾನಿಕ ಬಿಕ್ಕಟ್ಟಿನ ಪೆಟ್ಟು ಬಿದ್ದದ್ದು ತಡವಾಗಿ. ಕೋವಿಡ್ ನಿರ್ವಹಣಾ ಕೇಂದ್ರಕ್ಕೆ ಕಾನೂನಿನ ಬಲ ಬಂದದ್ದು ಸುಗ್ರೀವಾಜ್ಞೆಯಿಂದ. ಮೇ 29ರ ಬಜೆಟ್ ಕೂಡ ಸುಗ್ರೀವಾಜ್ಞೆಯೇ. ನೇಪಾಳ ಸಂವಿಧಾನದ 114ನೇ ವಿಧಿಯಂತೆ, ಉಭಯ ಸದನಗಳು ಸೇರಿದ 60 ದಿನದೊಳಗೆ ಸುಗ್ರೀವಾಜ್ಞೆಯ ಜಾಗದಲ್ಲಿ ಕಾಯ್ದೆ ಬರದಿದ್ದರೆ ಅದು ಬಿದ್ದುಹೋಗುತ್ತದೆ (ನಮ್ಮಲ್ಲಿ ಆರು ವಾರ). ಜುಲೈ 12ರಂದು ಕೋರ್ಟ್ ಸದನವನ್ನು ಮರುಸ್ಥಾಪಿಸಿತು, 18ಕ್ಕೆ ಸದನ ಸೇರಿತು, ಅಲ್ಲಿಂದಲೇ ಎಣಿಕೆ ಶುರು. ಹೊಸ ಪ್ರಧಾನಿ ಶೇರ್ ಬಹಾದೂರ್ ದೇವುಬಾ ಸರ್ಕಾರದ ಬದಲಿ ಬಜೆಟ್ ಮಸೂದೆ ಹೊತ್ತಿಗೆ ಸರಿಯಾಗಿ ಪಾಸಾಗಲಿಲ್ಲ. ಸೆಪ್ಟೆಂಬರ್ ಮಧ್ಯದ ಕೆಲವು ದಿನ ಕೇಂದ್ರ ಸರ್ಕಾರಕ್ಕೆ ಖರ್ಚು ಮಾಡುವ ಅಧಿಕಾರವೇ ಇರಲಿಲ್ಲ.