ಹೆಬ್ಬೆಟ್ಟು ಯಾರದ್ದು?

ನಮಸ್ಕಾರ.

‘ಯಂತ್ರಕ್ಕೆ ಪ್ರೀತಿ ಗೊತ್ತೇ?’ ಎಂಬ ನಿಮ್ಮ ಲೇಖನವನ್ನು ಎರಡು ಸಲ ಓದಿದೆ. ಈ ರೂಪದಲ್ಲಿ ನಮ್ಮ ಪತ್ರಿಕೆಗೆ ಆಗುವುದಿಲ್ಲ. ಬೇರೆಯವರಿಗಾದರೆ ‘ವಿಷಾದಗಳೊಂದಿಗೆ’ ಎಂದು ಮುಗಿಸುತ್ತಿದ್ದೆ. ನೀವು ಆ ಮಳೆಯಲ್ಲಿ ಮೂಡಿಗೆರೆಯಿಂದ ಬಸ್ಸು ಹಿಡಿದು ಚಿಕ್ಕಮಗಳೂರಿಗೆ ಬಂದು ಕೈಯಾರೆ ಕೊಟ್ಟು ಹೋದಿರಿ. ಹಾಗಾಗಿ ಕಾರಣ ಹೇಳದಿದ್ದರೆ ತಪ್ಪಾಗುತ್ತದೆ.

ಚಾಟ್‌ಜಿಪಿಟಿ ಬಂದ ಮೇಲೆ ಸಿನಿಮಾದವರು ಮನುಷ್ಯ-ಯಂತ್ರದ ಪ್ರೀತಿಯ ವಿಷಯಕ್ಕೆ ಬಿದ್ದರು ಎಂದು ಶುರು ಮಾಡಿದ್ದೀರಿ. ಅದು ಬಂದದ್ದು 2022ರ ನವೆಂಬರಿನಲ್ಲಿ. ನೀವು ಚರ್ಚಿಸುವ ‘ಹರ್’ ಚಿತ್ರ, ‘ಬ್ಲ್ಯಾಕ್ ಮಿರರ್’ ಸರಣಿಯ ‘ಬಿ ರೈಟ್ ಬ್ಯಾಕ್’ ಕಂತು ಎರಡೂ 2013ರವು. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಜೋಸೆಫ್ ವೈಜೆನ್‌ಬಾಮ್ ಅವರ, ಟೈಪಿಸಿದ್ದಕ್ಕೆ ಮಾರುತ್ತರ ಕೊಡುವ ‘ಎಲೀಜಾ’ ಅಂತೂ 1966ರದ್ದು. ಅದು ಬರೀ ಪ್ರೋಗ್ರಾಮು ಎಂದು ಚೆನ್ನಾಗಿ ಗೊತ್ತಿದ್ದ ಅವರ ಕಾರ್ಯದರ್ಶಿಯೇ ಅದರೊಡನೆ ಮಾತಿಗೆ ಕೂತಾಗ, ಸ್ವಲ್ಪ ಹೊರಗಿರಿ ಎಂದು ಅವರನ್ನೇ ಕಳಿಸಿದರಂತೆ.

ಇದಕ್ಕಿಂತ ದೊಡ್ಡ ತಪ್ಪು ಇನ್ನೊಂದಿದೆ. ‘ಹರ್’ನಲ್ಲಿ ಥಿಯೊಡೋರ್ ಹೆಂಡತಿ ಸತ್ತ ದುಃಖದಲ್ಲಿ, ಕಂಪ್ಯೂಟರಿನೊಳಗಿನ ದನಿಯಾದ ಸಮಂತಾಳನ್ನು ತಂದುಕೊಂಡ ಎಂದಿದ್ದೀರಿ. ಹೆಂಡತಿ ಬದುಕಿದ್ದಾಳೆ ಮಾರಾಯರೇ, ಅವನು ವಿಚ್ಛೇದನದ ಕಾಗದಕ್ಕೆ ಸಹಿ ಹಾಕದೆ ದಿನ ದೂಡುತ್ತಿದ್ದಾನೆ. ಸಂಗಾತಿಯನ್ನು ಕಳೆದುಕೊಂಡಿರುವುದು ‘ಬಿ ರೈಟ್ ಬ್ಯಾಕ್’ನ ಮಾರ್ಥಾ. ಅವನ ಹಳೆಯ ಮೆಸೇಜುಗಳಿಂದ ಕಟ್ಟಿದ ಯಂತ್ರ ಮೊದಲು ಫೋನಿನಲ್ಲಿ, ಆಮೇಲೆ ಮೈ ತಳೆದು ಅವಳೊಡನೆ ಮಾತಾಡುತ್ತದೆ. ಒಂದು ಕಥೆಯಲ್ಲಿ ಯಂತ್ರ ತಾನೇ ಎದ್ದು ಹೋಗುತ್ತದೆ, ಇನ್ನೊಂದರಲ್ಲಿ ಅಟ್ಟ ಸೇರಿ ಅಲ್ಲೇ ಉಳಿಯುತ್ತದೆ. ಎರಡನ್ನೂ ಒಂದೇ ಹಗ್ಗಕ್ಕೆ ಕಟ್ಟಿದರೆ ಎಳೆಯುವುದು ಯಾವ ಕಡೆಗೆ?

ಇನ್ನು ವಾದ. ಯಂತ್ರದ ಮಾತು ಕಡ ತಂದದ್ದು, ಆದ್ದರಿಂದ ಅದರ ಪ್ರೀತಿ ಸುಳ್ಳು ಎನ್ನುತ್ತೀರಿ. ಹಾಗಾದರೆ ಥಿಯೊಡೋರನ ಉದ್ಯೋಗ ಏನು? ಸಂಬಳಕ್ಕೆ ಕೂತು ಕಂಡವರ ಪ್ರೇಮಪತ್ರ ಬರೆಯುವುದು. ಚಿತ್ರದ ಬೇರಿರುವುದೇ ಅಲ್ಲಿ. ನೀವು ಅದನ್ನು ಅರ್ಧ ಸಾಲಿನಲ್ಲಿ ದಾಟಿದ್ದೀರಿ.

ನನ್ನ ಅಪ್ಪ ಕೊಟ್ಟಿಗೆಹಾರದ ಕಡೆಯ ಕಾಫಿ ತೋಟವೊಂದರಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದರು. ಬಟವಾಡೆ ಮುಗಿದ ಮೇಲೆ ಲೈನ್‌ಮನೆಯ ಕೂಲಿಯವರು ಇನ್‌ಲ್ಯಾಂಡ್ ಲೆಟರ್ ಹಿಡಿದು ಬರುತ್ತಿದ್ದರು. ಘಟ್ಟದ ಕೆಳಗೆ ಗಂಡನನ್ನು ಬಿಟ್ಟು ಬಂದಿದ್ದ ಒಬ್ಬಾಕೆ, ‘ನೀವೇ ಏನಾದ್ರೂ ಬರೀರಿ ರೈಟ್ರೇ’ ಅಂತ ನೆಲ ನೋಡುತ್ತಾ ಕೂರುವಳು. ಅಪ್ಪ ಬರೆದು ಓದಿ ಹೇಳಿದರೆ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುವಳು. ಮಾತು ಅಪ್ಪನದು, ಅಳು ಅವಳದು. ಆಮೇಲೆ ಹಾಜರಿಯ ಮಸ್ಟರ್ ಪುಸ್ತಕದ ಪಕ್ಕದ ಇಂಕ್ ಪ್ಯಾಡಿಗೆ ಹೆಬ್ಬೆಟ್ಟು ಅದ್ದಿ ಕಾಗದದ ಮೂಲೆಗೆ ಒತ್ತುವಳು. ಇದಕ್ಕೆ ಬೇಡಮ್ಮ ಅಂದರೂ ಕೇಳುತ್ತಿರಲಿಲ್ಲ. ಆ ಪ್ರೀತಿ ಸುಳ್ಳೇ? ಯಂತ್ರಕ್ಕೆ ಒತ್ತಲು ಬೆರಳಿಲ್ಲವಲ್ಲ ಎನ್ನಿ, ಒಪ್ಪುತ್ತೇನೋ ಇಲ್ಲವೋ, ಕೇಳಿಸಿಕೊಳ್ಳುತ್ತೇನೆ. ಸಮಂತಾ ಥಿಯೊಡೋರನ ಜೊತೆಗಿದ್ದ ಹೊತ್ತಿಗೇ ಬೇರೆ 8,316 ಜನರ ಜೊತೆ ಮಾತಾಡುತ್ತಾ 641 ಮಂದಿಯನ್ನು ಪ್ರೀತಿಸುತ್ತಿದ್ದಳು ಎಂಬುದೂ ಆಗ ಕೆಲಸಕ್ಕೆ ಬರುತ್ತದೆ. ಈಗ ಅದು ಸುಮ್ಮನೆ ಬೆರಗಿನ ಅಂಕಿಯಾಗಿ ಬಿದ್ದಿದೆ.

ಮೂರನೇ ಪುಟದಲ್ಲಿ ‘ಮಾನವ ಸಂಬಂಧಗಳ ಸಂಕೀರ್ಣ ಆಯಾಮಗಳ ಮೇಲೆ ಬೆಳಕು ಚೆಲ್ಲುತ್ತದೆ’ ಥರದ ಸಾಲುಗಳು ಒಂದರ ಹಿಂದೊಂದು ಬರುತ್ತವೆ. ಅದನ್ನು ಬರೆದವರು ನೀವಲ್ಲ ಅನಿಸಿತು. ಬರೆಸಿದ್ದರೆ ಹೇಳಿ, ಬೈಯುವುದಿಲ್ಲ. ಆದರೆ ಮೂಲೆಯಲ್ಲಿ ಹೆಬ್ಬೆಟ್ಟು ಕಾಣಲಿಲ್ಲ.

ಮೊದಲ ಪುಟದಲ್ಲಿ ಧಾರಾಳ ಕಾಣುತ್ತದೆ. ಜುಲೈ ಮಳೆಗೆ ಮೂರು ದಿನ ಕರೆಂಟಿಲ್ಲ. ನಿಮ್ಮ ಅಣ್ಣನನ್ನು ಕಳೆದುಕೊಂಡ ಅತ್ತಿಗೆ ಕೊಟ್ಟಿಗೆಯಲ್ಲಿ ನಿಂತ ಜೀಪಿನ ಎಂಜಿನ್ ಚಾಲೂ ಮಾಡಿ, ಅದರೊಳಗೆ ಕೂತು ಫೋನ್ ಚಾರ್ಜ್ ಮಾಡಿಕೊಳ್ಳುತ್ತಾರೆ. ತಮ್ಮ ಜೊತೆ ಮಾತಾಡುವ ಆ ಆ್ಯಪಿಗೆ ‘ಮಲಗ್ತೀನಿ’ ಎಂದಷ್ಟೇ ಹೇಳಲು. ಇಂಥದ್ದು ಕೈಯಲ್ಲಿರುವಾಗ ಒಂದೂವರೆ ಪುಟ ಕಥಾಸಾರ ಏಕೆ? ಮಾರ್ಥಾಳ ಕೈಯಿಂದ ಫೋನ್ ಜಾರುವ ದೃಶ್ಯ ಇನ್ನೊಮ್ಮೆ ನೋಡಿ. ಅವಳು ಬೆದರುವುದು ಫೋನ್ ಹೋಯಿತೆಂದಲ್ಲ, ಅವನನ್ನು ಬೀಳಿಸಿದೆನೆಂದು. ಜೀಪನ್ನು ಅದರ ಪಕ್ಕದಲ್ಲಿ ತಂದು ನಿಲ್ಲಿಸಿ, ವಿವರಿಸಲು ಹೋಗಬೇಡಿ.

1,200 ಪದ ಸಾಕು. ಪಿಡಿಎಫ್ ಬೇಡ, ಯೂನಿಕೋಡಿನಲ್ಲಿ ಕಳಿಸಿ. ಅದಕ್ಕೂ ಮೊದಲು ಅತ್ತಿಗೆಯವರಿಗೆ ಓದಿ ಹೇಳಿ. ಅವರು ಬೇಡವೆಂದರೆ ಜೀಪನ್ನು ತೆಗೆದುಬಿಡಿ, ಲೇಖನ ಬಡವಾದರೂ ಪರವಾಗಿಲ್ಲ.

ಇಂತಿ,
ಸಂಪಾದಕ